ಕೊಳವೆಯ ಕೆಳಗೆ ಕಲಿತ ಇಂಗ್ಲಿಷು

ನನ್ನ ನಾದಿನಿ ಹೋಟೆಲೊಂದರ ಇಸ್ತ್ರಿ ಕೋಣೆಯಲ್ಲಿ ಕೆಲಸಕ್ಕಿದ್ದಳು. ಕೋಣೆ ನೆಲಮಾಳಿಗೆಯಲ್ಲಿತ್ತು, ಕಿಟಕಿಯಿರಲಿಲ್ಲ. ಬೆಳಿಗ್ಗೆ ಒಳಗೆ ಹೋದರೆ ಸಂಜೆಯತನಕ ಹಬೆಯೇ ಗಾಳಿ. ಮೇಲಿನ ಮಹಡಿಗಳಿಂದ ಮಾಸಿದ ಚಾದರ, ದಿಂಬಿನ ಚೀಲ ಎಲ್ಲ ಬೀಳುವುದಕ್ಕೆ ಗೋಡೆಯೊಳಗೆ ಅಗಲವಾದ ತಗಡಿನ ಕೊಳವೆ ಇಳಿಬಿಟ್ಟಿದ್ದರು. ಅದರ ಬಾಯಿ ಅವಳ ಮೇಜಿನ ಪಕ್ಕದಲ್ಲೇ.

ಅವಳ ಹೊಟ್ಟೆ ಉರಿಯುತ್ತಿದ್ದದ್ದು ಮಾತ್ರ ಇಸ್ತ್ರಿಪೆಟ್ಟಿಗೆಯ ಕಾವಿಗಲ್ಲ. ಪಕ್ಕದ ಮೇಜಿಗೆ ಹೊಸದಾಗಿ ಒಬ್ಬಳು ಬಂದಿದ್ದಳು. ಚಾದರದ ಮೂಲೆಗೆ ಮೂಲೆ ಕೂಡಿಸುವುದನ್ನು ಆಕೆಗೆ ಕಲಿಸಿದವಳೇ ನನ್ನ ನಾದಿನಿ. ಕೈ ಕುದುರುವಷ್ಟರಲ್ಲಿ ಆಕೆಯನ್ನು ಎರಡನೇ ಮಹಡಿಯ ಕೋಣೆಗಳನ್ನು ನೋಡಿಕೊಳ್ಳಲು ಕಳಿಸಿಬಿಟ್ಟರು. ಆಕೆಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ಒಂದಿಷ್ಟು ಅಂದರೆ ‘ಗೆಟ್’ ಅನ್ನುವ ಒಂದು ಮಾತು, ಅದರ ಜೊತೆಗೆ ಕೂರಿಸಲು ನಾಲ್ಕಾರು ಸಾಮಾನಿನ ಹೆಸರು, ನಾಲ್ಕಾರು ಗುಣದ ಹೆಸರು.

“ಅದೊಂದನ್ನೇ ಇಟ್ಕೊಂಡು ಸಂಸಾರ ತೂಗಿಸ್ತಾಳೆ ಅತ್ತಿಗೆ,” ಎಂದು ನಾದಿನಿ ಪಾತ್ರೆ ಉಜ್ಜುತ್ತಾ ಹೇಳುತ್ತಿದ್ದಳು. “ಟವೆಲ್ ಕೇಳಿದ್ರೆ ಐ ಗೆಟ್ ಟವೆಲ್. ಟೀ ಆರಿದ್ರೆ ಟೀ ಗೆಟ್ ಕೋಲ್ಡ್. ಅದಕ್ಕೇ ಗೆಟ್ಟಮ್ಮ ಅಂತ ಹೆಸರಿಟ್ಟಿದೀನಿ.”

ಹೆಸರು ಇಟ್ಟದ್ದು ಆಡಿಕೊಳ್ಳಲು. ಆದರೆ ಅದು ಬೆಳೆಯಿತು. ಮ್ಯಾನೇಜರೂ ‘ಗೆಟ್ಟಮ್ಮನ್ನ ಕರೀರಿ’ ಎಂದು ಪ್ರೀತಿಯಿಂದ ಕರೆಯತೊಡಗಿದರು.

“ನಾನು ಎಸೆದ ಕಲ್ಲನ್ನೇ ಮೆಟ್ಟಿಲು ಮಾಡ್ಕೊಂಡು ಹತ್ತಿದ್ಲು,” ಎಂದಳು ನಾದಿನಿ.

ಅದಕ್ಕಿಂತ ದೊಡ್ಡ ಸಂಕಟ ನೀಲಿ ಕೋಟಿನದು. ಮಹಡಿಯಲ್ಲಿ ಕೆಲಸ ಮಾಡುವವರಿಗೆ ಹೋಟೆಲಿನವರು ನೀಲಿ ಕೋಟು ಕೊಡುತ್ತಿದ್ದರು. ಗೆಟ್ಟಮ್ಮನ ಕೋಟು ಒಗೆದು ಬಂದಾಗ ಅದಕ್ಕೆ ಇಸ್ತ್ರಿ ಹಾಕುವ ಕೈ ಇವಳದೇ. ಎಲ್ಲ ಚೊಕ್ಕವಾಗಿ ಹಾಕಿ, ಜೇಬಿನ ಪಟ್ಟಿಯಲ್ಲಿ ಮಾತ್ರ ಒಂದು ಸುಕ್ಕು ಬಿಟ್ಟು ಕಳಿಸುತ್ತಿದ್ದಳಂತೆ. ಅಷ್ಟರಿಂದ ಅವಳಿಗೆ ರಾತ್ರಿ ನಿದ್ದೆ ಬರುತ್ತಿತ್ತು.

ಹೀಗಿರುವಾಗ ಮೂರನೇ ಮಹಡಿಯವಳು ವಯಸ್ಸಾಯಿತೆಂದು ಕೆಲಸ ಬಿಟ್ಟಳು. ಹೋಟೆಲಿಗೆ ಬಂದವರ ಜೊತೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಬಲ್ಲವರಿಗೆ ಆ ಜಾಗ ಎಂದರು ಮ್ಯಾನೇಜರು. ನಾದಿನಿಗೆ ಆಗಲೇ ಹಬೆಗೆ ಉಸಿರು ಕಟ್ಟುತ್ತಿತ್ತು, ನಿಂತು ನಿಂತು ಕಾಲು ಬಾತುಕೊಳ್ಳುತ್ತಿತ್ತು. ಈ ಜಾಗ ತಪ್ಪಿದರೆ ಇನ್ನು ನೆಲಮಾಳಿಗೆಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

ಅವಳು ಕಿವಿಯನ್ನು ಕೊಳವೆಗೆ ಇಟ್ಟಳು. ಮೇಲೆ ಗೆಟ್ಟಮ್ಮ ಕೊಳವೆಯ ಬಾಗಿಲು ತೆರೆದಿಟ್ಟು, ಬಟ್ಟೆ ತುರುಕುತ್ತಲೇ ಕೋಣೆಗಳವರ ಜೊತೆ ಮಾತಾಡುತ್ತಿದ್ದಳು. ಆ ಮಾತು ತಗಡಿನಲ್ಲಿ ಇಳಿದು ಸ್ಪಷ್ಟವಾಗಿ ಕೇಳುತ್ತಿತ್ತು. ಕೇಳಿದ್ದನ್ನು ಇವಳು ಮನೆಯಲ್ಲಿ ಒಲೆಯ ಮುಂದೆ ಒಪ್ಪಿಸುತ್ತಿದ್ದಳು: ಗೆಟ್ ರೆಡಿ, ಗೆಟ್ ವೆಟ್, ಗೆಟ್ ಸೋಪ್, ಗೆಟ್ ಲೇಟ್.

ಕೇಳಿ ಕೇಳಿ ನನಗೂ ಅದರ ನಡೆ ತಿಳಿಯಿತು. ನಮ್ಮಲ್ಲಿ ತಡ ಆಗುತ್ತದೆ, ಕೋಪ ಬರುತ್ತದೆ, ಹುಚ್ಚು ಹಿಡಿಯುತ್ತದೆ. ಇಂಗ್ಲಿಷಿನವರಲ್ಲಿ ಮೂರಕ್ಕೂ ಆ ಗೆಟ್ ಒಂದೇ. ಒಳ್ಳೆಯ ಸೊಸೆಯ ಹಾಗೆ, ಯಾರ ಪಕ್ಕ ಕೂರಿಸಿದರೂ ಹೊಂದಿಕೊಳ್ಳುತ್ತದೆ. ಸಾಮಾನಿನ ಪಕ್ಕ ಕೂರಿಸಿದರೆ ಅದನ್ನು ತಂದುಕೊಡುತ್ತದೆ, ಗುಣದ ಪಕ್ಕ ಕೂರಿಸಿದರೆ ತಾನೇ ಹಾಗಾಗಿಬಿಡುತ್ತದೆ.

ಪರೀಕ್ಷೆಯ ದಿನ ನಾದಿನಿಯನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಿ ಮ್ಯಾನೇಜರು ಪಕ್ಕದಲ್ಲಿ ನಿಂತರು. ಓಟದ ಬೂಟು ಹಾಕಿದ ದಷ್ಟಪುಷ್ಟ ಹೆಂಗಸೊಬ್ಬಳು ಬಂದು ಏನೋ ಕೇಳಿದಳು.

“ಗುಡ್ ಮಾರ್ನಿಂಗ್. ಐ ಗೆಟ್ ಫ್ರೆಶ್ ಟವೆಲ್,” ಎಂದಳು ನಾದಿನಿ ಥೇಟ್ ಗೆಟ್ಟಮ್ಮನ ರಾಗದಲ್ಲಿ.

ಆ ಹೆಂಗಸು ಅದಲ್ಲವೆಂದು ತಲೆಯಾಡಿಸಿ ಬಾಗಿಲಿನ ಕಡೆ ಕೈ ತೋರಿಸಿದಳು.

“ಟೀ ಗೆಟ್ ಕೋಲ್ಡ್.”

ಟೀ ಎಲ್ಲೂ ಇರಲಿಲ್ಲ. ಆಕೆ ಮತ್ತೆ ಕೇಳಿದಳು. ನಾದಿನಿ ಬೆವರುತ್ತಾ, “ಗೆಟ್ ವೆಲ್ ಸೂನ್,” ಎಂದಳು. ಆಕೆ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಆಗಿದ್ದಿಷ್ಟೇ. ಕೊಳವೆಯಲ್ಲಿ ಇಳಿಯುತ್ತಿದ್ದದ್ದು ಗೆಟ್ಟಮ್ಮನ ದನಿ ಮಾತ್ರ. ಕೋಣೆಯೊಳಗಿನವರು ಕೇಳಿದ್ದು ಕೋಣೆಯಲ್ಲೇ ಉಳಿಯುತ್ತಿತ್ತು. ಇವಳು ಬರೀ ಉತ್ತರಗಳನ್ನು, ಅದೂ ಗೆಟ್ಟಮ್ಮ ಬೆಳಿಗ್ಗೆ ಬಾಗಿಲಿಂದ ಬಾಗಿಲಿಗೆ ಹೋಗುವ ಸಾಲಿನಲ್ಲೇ ಕಲಿತಿದ್ದಳು. ಆ ಸಾಲಿನ ಕೊನೆಯ ಕೋಣೆಯಲ್ಲಿ ಒಬ್ಬರು ಕಾಯಿಲೆಯ ಮುದುಕರಿದ್ದರು.

ಮ್ಯಾನೇಜರು ಗೆಟ್ಟಮ್ಮನನ್ನು ಕರೆಸಿದರು. ಆಕೆ ಬಂದು ಕೇಳಿಸಿಕೊಂಡು, “ಕೀ ಗೆಟ್ ಸ್ಟಕ್? ಐ ಗೆಟ್ ಹೆಲ್ಪ್,” ಎಂದಳು. ಬೀಗ ಸರಿಮಾಡುವವನು ಬಂದ, ಬಾಗಿಲು ತೆರೆಯಿತು. ತಿಂಗಳ ಕೊನೆಗೆ ಇನ್ನೊಂದು ಸಲ ನೋಡೋಣ ಎಂದು ಮ್ಯಾನೇಜರು ನಗು ತಡೆದುಕೊಂಡು ಇಳಿದುಹೋದರು.

“ಅಕ್ಕಾ, ನೀನು ಹೇಳಿದ್ದು ನನ್ನ ಬೆಳಗಿನ ಸುತ್ತು. ಎಲ್ಲಿ ಕೇಳಿಸ್ಕೊಂಡೆ?” ಎಂದಳು ಗೆಟ್ಟಮ್ಮ.

“ಗಾಳೀಲಿ ಬಂತು.”

“ಊಟದ ಹೊತ್ತಲ್ಲಿ ಬಾ, ಹೇಳ್ಕೊಡ್ತೀನಿ.”

“ನೆಟ್ಟಗೆ ಚಾದರ ಮಡಿಸೋಕೆ ಬರ್ದೆ ಇದ್ದೋಳ ಹತ್ರ ಪಾಠ ಹೇಳಿಸ್ಕೋಬೇಕಾ ನಾನು?”

ಅಂದು ಮನೆಗೆ ಬಂದವಳು ಊಟ ಮಾಡಲಿಲ್ಲ. ಇದನ್ನೆಲ್ಲ ಅವಳ ಬಾಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

“ಅವಳ ಸಹಾಯ ಬೇಡ, ಅವಳ ಜಾಗದಂಥ ಜಾಗ ಬೇಕು. ಎರಡೂ ಹೇಗಾಗುತ್ತಮ್ಮ?” ಎಂದೆ.

ಅವಳು ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಕೊಳವೆಯೊಳಗೆ ತಲೆ ಹಾಕಿ ಮೇಲಕ್ಕೆ ಕೂಗಿದಳಂತೆ: “ಏ ಗೆಟ್ಟಮ್ಮ, ನೀನೇನೂ ಕಲಿಸ್ಬೇಡ. ಅವರು ಏನು ಕೇಳ್ತಾರೋ ಅದನ್ನೂ ಗಟ್ಟಿಯಾಗಿ ಹೇಳು, ಅಷ್ಟು ಸಾಕು.”

ಮೇಲಿಂದ ಮೊದಲು ನಗು ಇಳಿಯಿತು. ಆಮೇಲೆ ಪ್ರಶ್ನೆಗಳು. ಅವರು ಕೇಳಿದ್ದನ್ನು ಗೆಟ್ಟಮ್ಮ ಗಟ್ಟಿಯಾಗಿ ತಿರುಗಿ ಹೇಳುವುದು ಕಂಡು, ಪಾಪ, ಕಿವಿ ಮಂದವೇನೋ ಎಂದು ಬಂದವರೆಲ್ಲ ಕಿರುಚಿ ಮಾತಾಡತೊಡಗಿದರು. ಆಗ ಎರಡೂ ಕಡೆಯ ಮಾತು ಕೊಳವೆಯಲ್ಲಿ ಸಲೀಸಾಗಿ ಇಳಿಯಿತು.

ತಿಂಗಳ ಕೊನೆಗೆ ಮೂರನೇ ಮಹಡಿ ನಾದಿನಿಯದಾಯಿತು. ಮೊದಲ ದಿನ ನೀಲಿ ಕೋಟು ತೊಟ್ಟು ಮನೆಗೆ ಬಂದವಳ ಮುಖದಲ್ಲಿ ಕಳೆಯೇ ಇರಲಿಲ್ಲ.

“ಇನ್ನೇನಾಯ್ತು?” ಎಂದೆ.

“ಅವಳ ಮಹಡಿಗೆ ಹೊಸ ಕೈಗಾಡಿ ಕೊಟ್ಟಿದಾರೆ. ನನ್ನದು ತಳ್ಳಿದ್ರೆ ಕಿರ್ ಅನ್ನುತ್ತೆ. ನನ್ನ ಮಹಡಿಯೋರೂ ಬಂದು ಗೆಟ್ಟಮ್ಮ ಎಲ್ಲಿ ಅಂತ ಕೇಳ್ತಾರೆ.” ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. “ಹೊಟ್ಟೆಕಿಚ್ಚು ಪಡೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಅಂತ ಅವಳನ್ನೇ ಕೇಳ್ದೆ. ಗೆಟ್ ಜೆಲಸ್ ಅಂದ್ಲು. ಅದಕ್ಕೂ ಅವಳ ಮಾತೇ ಬೇಕಾಯ್ತು ನೋಡಿ ಅತ್ತಿಗೆ.”