ವೆನಿಸ್‌ಗೆ ಹೇವರ್ಡ್‌ನಿಂದ ದಾರಿ ಹೇಳುವ ವಿಮಲಾ

ಅಮೆರಿಕದ ಹೇವರ್ಡ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗಂಡ ಜಯರಾಮ ವೇರ್‌ಹೌಸಿನ ಕೆಲಸಕ್ಕೆ ಹೊರಟಾಗಿದೆ. ಅಡುಗೆಮನೆಯ ಮೇಜಿನ ಮುಂದೆ ಕೂತ ವಿಮಲಾ ಫೋನಿನಲ್ಲಿ ಯಾರನ್ನೋ ನಡೆಸುತ್ತಿದ್ದಾರೆ. "ಸೇತುವೆ ಹತ್ತಿ ಇಳಿದ್ರಾ? ಎಡಗಡೆ ಐಸ್‌ಕ್ರೀಮ್ ಅಂಗಡಿ ಉಂಟಾ? ಅದರ ಪಕ್ಕದ ಓಣಿ. ಸಣ್ಣದು ಅಂತ ಹೆದರ್ಬೇಡಿ, ಹೋಗಿ."

"ಅಮ್ಮಾ, ವಾಲ್ಯೂಮ್ ಪ್ಲೀಸ್!" ಕೋಣೆಯೊಳಗಿಂದ ಮಗಳು ಲಾಸ್ಯಾ ಗೊಣಗುತ್ತಾಳೆ.

ಆ ಓಣಿ ಇರುವುದು ಇಟಲಿಯ ವೆನಿಸ್‌ನಲ್ಲಿ. ಅಲ್ಲೀಗ ಮಧ್ಯಾಹ್ನ. ಬೀದಿಗಳ ಬದಲು ಕಾಲುವೆಗಳೇ ಹರಿಯುವ, ಬಸ್ಸಿನ ಬದಲು ದೋಣಿ ಓಡುವ ಊರು. ಹೇವರ್ಡ್ ಸುತ್ತಲಿನ ಬೇ ಏರಿಯಾದಲ್ಲಿ ನೆಲೆಸಿದ ಮಕ್ಕಳ ಮನೆಗೆ ಊರಿನಿಂದ ಬಂದ ಹಿರಿಯರಿಗೆ ಯುರೋಪ್ ತೋರಿಸುವ ಸಣ್ಣ ಟ್ರಾವೆಲ್ ಕಂಪನಿಯಲ್ಲಿ ವಿಮಲಾ ಫೋನ್ ಸಹಾಯಕಿ. ದಾರಿ ತಪ್ಪಿದವರು, ಹಲ್ಲಿನ ಸೆಟ್ಟು ಹೋಟೆಲಿನಲ್ಲಿ ಮರೆತವರು, ಮೊಸರು ಎಲ್ಲಿ ಸಿಗುತ್ತದೆಂದು ಕೇಳುವವರು, ಎಲ್ಲರೂ ಕರೆ ಮಾಡುವುದು ಇವರಿಗೇ.

ಉಡುಪಿಯಿಂದ ಬಂದ ವಿಮಲಾ ಮೊದಲು ಡೇಕೇರಿನಲ್ಲಿದ್ದರು. ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಸೋತಿತು, ಕೆಲಸ ಬಿಡಬೇಕಾಯಿತು. ಮನೆಯಲ್ಲಿ ಸುಮ್ಮನೆ ಕೂತು ಮನಸ್ಸು ಕುಗ್ಗಿದ್ದಾಗ ಸಿಕ್ಕಿದ್ದು ಇದು. "ನನ್ನ ಅಮ್ಮ ಮೊದಲ ಸಲ ಇಲ್ಲಿಗೆ ಬರುವಾಗ ವಿಮಾನ ಬದಲಿಸುವಲ್ಲಿ ಸಿಕ್ಕಿಹಾಕಿಕೊಂಡ್ರು. ನೀರು ಕೇಳ್ಲಿಕ್ಕೂ ಭಾಷೆ ಇಲ್ಲ. ಅದು ನೆನಪಾದ್ರೆ ಯಾರ ಫೋನೂ ಕಟ್ ಮಾಡ್ಲಿಕ್ಕೆ ಮನಸ್ಸು ಬರುದಿಲ್ಲ."

ಕಳೆದ ಸೆಪ್ಟೆಂಬರಿನ ಒಂದು ಮುಂಜಾವಿನಲ್ಲಿ ವೆನಿಸ್‌ನಿಂದ ಹಾಗೊಂದು ಕರೆ ಬಂತು. ಗಿಲ್‌ರಾಯ್‌ನಲ್ಲಿರುವ ಮಗನ ಮನೆಯಿಂದ ಪ್ರವಾಸ ಹೊರಟಿದ್ದ ಗದಗಿನ ಈರವ್ವ. "ಯವ್ವಾ, ದೋಣಿ ಹೊಂಟಬಿಟ್ಟೈತಿ! ನಮ್ಮವರು ದಂಡಿಮ್ಯಾಲ ಉಳದಾರ. ಅವರಿಗೆ ಮರವು ಐತಿ, ತಮ್ಮ ಹೆಸರೂ ಒಮ್ಮೊಮ್ಮೆ ನೆನಪಿರೂದಿಲ್ಲ!"

ಗಂಡ ಕುಬೇರಪ್ಪ ಜನರ ನೂಕಿನಲ್ಲಿ ಇಳಿದುಬಿಟ್ಟಿದ್ದರು. ಅವರ ಸುತ್ತ ಎಲ್ಲೆಲ್ಲೂ ನೀರು. ವಿಮಲಾ ಇನ್ನೊಂದು ಫೋನಿನಲ್ಲಿ, ಅಲ್ಲೇ ವೆನಿಸ್‌ನಲ್ಲಿದ್ದ ಗುಂಪಿನ ಮುಂದಾಳು ನವೀನನನ್ನು ಹಿಡಿದರು. "ಮೊದಲು ಅಜ್ಜನ ಹತ್ತಿರ ಓಡಿ!" ಆಮೇಲೆ ಈರವ್ವನಿಗೆ, "ಮುಂದಿನ ನಿಲ್ದಾಣದಲ್ಲಿ ಇಳಿದು ಬೆಂಚಿನ ಮೇಲೆ ಕೂತ್ಕೊಳ್ಳಿ ಅಮ್ಮ. ನಾನು ಫೋನಲ್ಲೇ ಇರ್ತೇನೆ."

ಇಳಿದು ಕೂತ ಈರವ್ವ ಅಳತೊಡಗಿದರು. ಅಳು ನಿಲ್ಲಿಸಲು ವಿಮಲಾ ಕೇಳಿದರು, ಎದುರಿಗೆ ಏನು ಕಾಣ್ತದೆ? ಮೂಗು ಸೇದುತ್ತ ಉತ್ತರ ಬಂತು: "ಮನಿ ಬಾಗಲಿಗೇ ನೀರು ಬಂದು ಬಡೀತೈತಿ. ಇವರು ರಂಗೋಲಿ ಎಲ್ಲಿ ಹಾಕತಾರವ್ವಾ?" ಇಬ್ಬರೂ ನಕ್ಕುಬಿಟ್ಟರು. ಆದರೆ ವಿಮಲಾರ ಕಣ್ಣು ಇನ್ನೊಂದು ಫೋನಿನ ಮೇಲೇ ಇತ್ತು. ನವೀನನಿಂದ ಸುದ್ದಿಯಿಲ್ಲ.

ಕೊನೆಗೆ ಅವನ ಕರೆ ಬಂತು. ಕುಬೇರಪ್ಪ ಇಳಿದ ಜಾಗ ಬಿಟ್ಟು ಕದಲಿರಲಿಲ್ಲ. ಕೈ ಹಿಡಿದು ಎಳೆದವರಿಗೆಲ್ಲ "ಆಕಿ ಬರ್ತಾಳ" ಎನ್ನುತ್ತ ನೀರನ್ನೇ ನೋಡುತ್ತ ನಿಂತಿದ್ದರು. ನವೀನ ಅವರನ್ನು ಮುಂದಿನ ದೋಣಿಗೆ ಹತ್ತಿಸಿ ಹೆಂಡತಿಯ ಬಳಿ ಕರೆತಂದ. ಈರವ್ವ ಫೋನು ಇಟ್ಟಿರಲಿಲ್ಲ. ಹಾಗಾಗಿ ಹೇವರ್ಡ್‌ನ ಅಡುಗೆಮನೆಗೂ ಅಜ್ಜನ ಗದರಿಕೆ ಕೇಳಿಸಿತು: "ಎಲ್ಲಿ ಹೋಗಿದ್ದಿ? ಚಾ ಕುಡದೀಯೋ ಇಲ್ಲೋ?"

"ಅವತ್ತು ನಾನು ಒಬ್ಬಳೇ ಕೂತು ಅತ್ತೆ," ಎನ್ನುತ್ತಾರೆ ವಿಮಲಾ.

ಇಷ್ಟು ಜನರನ್ನು ವೆನಿಸ್‌ನಲ್ಲಿ ನಡೆಸಿದ ಅವರು ಆ ಊರನ್ನು ಕಂಡಿಲ್ಲ. ಕಾಣುವಾಸೆ ಇಲ್ಲವೇ ಎಂದರೆ ನಾಚಿಕೊಳ್ಳುತ್ತಾರೆ.

"ಒಮ್ಮೆ ಹೋಗ್ಬೇಕು ಅಂತ ಉಂಟು, ನಮ್ಮವರೊಟ್ಟಿಗೆ. ಫೋನು ಮನೆಯಲ್ಲೇ ಬಿಟ್ಟು. ದಾರಿ ತಪ್ಪಿದ್ರೂ ತೊಂದ್ರೆ ಇಲ್ಲ ಮಾರಾಯ್ರೆ, ಕೈ ಹಿಡ್ಕೊಂಡು ತಪ್ಪಿದ್ರೆ ಆಯ್ತು."