ಪಪೈರಸ್ಸಿಗೆ ಲ್ಯಾಮಿನೇಶನ್

ನಮ್ಮ ಊರಿನಲ್ಲಿ ಮನುಷ್ಯನಿಗೆ ಮೋಕ್ಷ ಸಿಗುವುದು ಅನುಮಾನ. ಅವನ ಕಾಗದಪತ್ರಗಳಿಗೆ ಲ್ಯಾಮಿನೇಶನ್ ಸಿಗುವುದು ಮಾತ್ರ ಖಚಿತ. ಜೂನ್ ಬಂತೆಂದರೆ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಮಂಗಳೂರು ಇದು. ಹಾಗಾಗಿ ರೇಷನ್ ಕಾರ್ಡು, ಅಂಕಪಟ್ಟಿ, ಜಾತಕ, ಅಜ್ಜಿಯ ಫೋಟೋ ಎಲ್ಲವೂ ಬಿಜೈ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯ ಬಿಸಿ ಉರುಳೆಗಳ ನಡುವೆ ಹಾದು ಪ್ಲಾಸ್ಟಿಕ್ಕಿನಲ್ಲಿ ಅಮರವಾಗುತ್ತವೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದ ನಾನೊಬ್ಬ ಮಾತ್ರ ಇದನ್ನು ವಿರೋಧಿಸುತ್ತ ಬಂದವನು. ಕಾಗದ ಉಸಿರಾಡಬೇಕು ಎಂಬುದು ನನ್ನ ಸಿದ್ಧಾಂತ. ಸಿದ್ಧಾಂತಕ್ಕಾಗಿ ನನ್ನ ಪಿಂಚಣಿ ಪತ್ರವನ್ನೇ ಗೆದ್ದಲಿಗೆ ಬಲಿ ಕೊಟ್ಟಿದ್ದೇನೆ.

ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿಯ ತಮ್ಮ ಕುವೈಟಿನಿಂದ ರಜೆಗೆ ಬಂದ. ಬರುವ ಮೊದಲು ಮೂರು ದಿನ ಈಜಿಪ್ಟ್ ನೋಡಿಕೊಂಡು ಬಂದಿದ್ದ. ಅವನ ಬಗ್ಗೆ ಒಂದು ಮಾತು ಹೇಳಬೇಕು. ಅವನು ನನ್ನದೇ ಶಿಷ್ಯ. ಒಂಬತ್ತನೇ ಕ್ಲಾಸಿನಲ್ಲಿ ಅವನನ್ನು ಚರಿತ್ರೆಯಲ್ಲಿ ಫೇಲು ಮಾಡಿದ ಪುಣ್ಯಾತ್ಮ ನಾನೇ. ಆಗ ಅವನು ನನಗೆ ಬಾವನಾಗಿರಲಿಲ್ಲ (ನಮ್ಮ ಕಡೆ ಅಕ್ಕನ ಗಂಡನೂ ಹೆಂಡತಿಯ ತಮ್ಮನೂ ಪರಸ್ಪರ ಬಾವಂದಿರೇ). ಆಗಿದ್ದರೂ ಪಾಸು ಮಾಡುತ್ತಿರಲಿಲ್ಲ ಎಂದು ನಾನು ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗಿದ್ದುಂಟು. ಅಂದಿನಿಂದ ನಮ್ಮಿಬ್ಬರ ಮಾತು ಸೆಕೆ ಮತ್ತು ವಿಮಾನದ ಸಮಯ, ಇವೆರಡನ್ನು ದಾಟಿರಲಿಲ್ಲ. ಪ್ರತಿ ಸಲ ನನಗೊಂದು ಸೆಂಟಿನ ಬಾಟಲಿ ಕೊಡುತ್ತಿದ್ದ, ನಾನು ಥ್ಯಾಂಕ್ಸ್ ಹೇಳುತ್ತಿದ್ದೆ, ಅಲ್ಲಿಗೆ ಮುಗಿಯಿತು.

ಈ ಸಲ ಒಂದು ರಟ್ಟಿನ ಕೊಳವೆ ಕೊಟ್ಟ.

"ಬಾವ, ಇದು ನಿಮಗೆ ಮಾತ್ರ. ಪಪೈರಸ್. ನೀವು ಕ್ಲಾಸಲ್ಲಿ ಹೇಳ್ತಿದ್ರಲ್ಲ, ಈಜಿಪ್ಟಿನವರ ಗಿಡದ ಕಾಗದ, ಅದೇ. ಪ್ಲೇನಲ್ಲಿ ಕೈಯಲ್ಲೇ ಹಿಡ್ಕೊಂಡು ಬಂದೆ."

ಬಿಚ್ಚಿದರೆ ಕಂದು ಬಣ್ಣದ ಹಾಳೆ. ನರಿಮುಖದ ದೇವರೊಬ್ಬ ಸತ್ತವನ ಹೃದಯವನ್ನು ತಕ್ಕಡಿಯಲ್ಲಿ ತೂಗುವ ಚಿತ್ರ. ಫೇಲಾದ ಹುಡುಗ ನಲವತ್ತು ವರ್ಷ ನನ್ನ ಪಾಠವನ್ನು ನೆನಪಿಟ್ಟುಕೊಂಡಿದ್ದ.

ಹೆಂಡತಿ ತಾರಸಿಯ ಕುಂಡಗಳ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಕೈ ಒರಸಿಕೊಂಡು ಬಂದು, ಹಾಳೆಯ ಮೇಲೆ ಹೆಬ್ಬೆರಳು ಸವರಿ, "ಇದು ಎಂತ, ನಾಯಿ ತರಕಾರಿ ಅಂಗಡಿ ಇಟ್ಟದ್ದಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಾಳೆಯೇ ಲ್ಯಾಮಿನೇಶನ್ ಮಾಡಿಸಿ" ಎಂದಳು.

ಪಪೈರಸ್ಸಿಗೆ ಲ್ಯಾಮಿನೇಶನ್! ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವಳು ಒಂದು ಮೊಳ ಹೂ ಕಟ್ಟಿ ಮುಗಿಸಿದಳು.

ಸುದ್ದಿ ನಮ್ಮ ವಾಚನಾಲಯಕ್ಕೆ ಮುಟ್ಟಿತು. ಭಾನುವಾರ ನನ್ನ ಭಾಷಣ ಎಂದು ನಿಶ್ಚಯವಾಯಿತು. ಹಾಳೆಯನ್ನು ಎಲ್ಲರೂ ಮುಟ್ಟಿ ನೋಡಬಹುದು ಎಂದು ನಾನೇ ಉದಾರವಾಗಿ ಘೋಷಿಸಿದೆ. ಬಾವ ಹೊಸ ಶರ್ಟಿಗೆ ಇಸ್ತ್ರಿ ಹಾಕಿಸಿ, ತನ್ನ ಹಳೆಯ ಸಹಪಾಠಿಗಳಿಗೆಲ್ಲ ಸುರತ್ಕಲ್‌ವರೆಗೆ ಫೋನು ಮಾಡಿದ.

ಭಾಷಣಕ್ಕೆ ಗಿಡವೂ ಇರಲಿ ಎಂದು ಶನಿವಾರ ಬೆಳಿಗ್ಗೆ ಪಕ್ಕದ ಮನೆಗೆ ಹೋದೆ. ಅಲ್ಲಿರುವ ಕೊಂಕಣಿ ಕ್ರಿಶ್ಚಿಯನ್ ಹೆಂಗಸು ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾದರೂ ಬೀದಿಗೆಲ್ಲ ಇನ್ನೂ ಸಿಸ್ಟರ್. ಅವರ ಹಿತ್ತಿಲಲ್ಲಿ, ಒಡೆದ ನೀರಿನ ಟ್ಯಾಂಕಿನ ತಳದಲ್ಲಿ, ತಲೆತುಂಬ ಹಸಿರು ಕೂದಲು ಕೆದರಿಕೊಂಡು ಆಳೆತ್ತರ ನಿಂತದ್ದು ಸಾಕ್ಷಾತ್ ಪಪೈರಸ್. ಫೇರೋ ರಾಜರ ಗಿಡ ಕುಲಶೇಖರದ ನರ್ಸರಿಯಿಂದ ಬಂದು, ಬಟ್ಟೆ ಒಗೆದ ನೀರು ಕುಡಿದು, ಇಗರ್ಜಿಯ ಹೂದಾನಿಗೆ ಸೊಪ್ಪಾಗಿ ಸೇವೆ ಸಲ್ಲಿಸುತ್ತಿತ್ತು.

ಒಂದು ದಂಟು ಕತ್ತರಿಸಿ ಕೊಟ್ಟರು. ನಾನು ಸುಮ್ಮನಿರಬಹುದಿತ್ತು, ಮೇಷ್ಟ್ರಿಗೆ ಅದು ಸಾಧ್ಯವೇ? ದಂಟಿನ ಮೂರು ಮೂಲೆ ತೋರಿಸಿದೆ. ಸಿಪ್ಪೆ ತೆಗೆದು ಒಳಗಿನ ಬಿಳಿ ತಿರುಳನ್ನು ಪಟ್ಟಿಪಟ್ಟಿಯಾಗಿ ಸೀಳಿದೆ. ಪಟ್ಟಿಗಳನ್ನು ಉದ್ದಕ್ಕೆ ಒಂದು ಪದರ, ಅದರ ಮೇಲೆ ಅಡ್ಡಕ್ಕೆ ಒಂದು ಪದರ ಹಾಸಿ, ಒತ್ತಿ ಒಣಗಿಸಿದರೆ ಹಾಳೆ. ಬೆಳಕಿಗೆ ಹಿಡಿದರೆ ಚಾಪೆಯಂತೆ ಅಡ್ಡ-ಉದ್ದ ಗೆರೆ ಕಾಣಲೇಬೇಕು, ಅದೇ ಅಸಲಿಯ ಗುರುತು ಎಂದು ವಿವರಿಸಿದೆ. ಆಮೇಲೆ ಹೆಮ್ಮೆಯಿಂದ ನನ್ನ ಹಾಳೆಯನ್ನು ಅವರ ಕೈಗಿಟ್ಟೆ.

ಅವರು ವಿಧೇಯ ವಿದ್ಯಾರ್ಥಿನಿಯಂತೆ ಅದನ್ನು ಬಿಸಿಲಿಗೆ ಹಿಡಿದರು. ಎಕ್ಸ್‌ರೇ ನೋಡುವ ಹಾಗೆ ತುಂಬಾ ಹೊತ್ತು ನೋಡಿದರು.

"ಮಾಸ್ಟ್ರೇ, ಅಡ್ಡ ಗೆರೆ ಎಲ್ಲಿ ಉಂಟು? ಎಲ್ಲಾ ಒಂದೇ ಕಡೆಗೆ ಹೋಗ್ತದಲ್ಲ."

ನಾನು ನೋಡಿದೆ. ಕನ್ನಡಕ ಒರಸಿ ಮತ್ತೆ ನೋಡಿದೆ.

"ಬೇಜಾರು ಮಾಡ್ಬೇಡಿ," ಎಂದರು ಸಿಸ್ಟರ್, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ. "ಇದು ಒಣಗಿದ ಬಾಳೆಯಲ್ವಾ?"

ಬಾಳೆ. ನಮ್ಮ ಊರಿನಲ್ಲಿ ಊಟ ಮುಗಿಸಿ ದನಕ್ಕೆ ಹಾಕುವ ಎಲೆ ಕೈರೋ ಅಂಗಡಿಯಲ್ಲಿ ಚಿತ್ರ ಬರೆಸಿಕೊಂಡು, ವಿಮಾನ ಹತ್ತಿ ಬಂದಿತ್ತು. ನಾಳೆ ವಾಚನಾಲಯದಲ್ಲಿ ಮುಟ್ಟಿ ನೋಡುವವರು ಹೂ ಕಟ್ಟುವವರು, ಬಾಳೆಯಲ್ಲೇ ಉಂಡು ಬೆಳೆದವರು. ಬಾವ ಎರಡನೇ ಸಲ ಚರಿತ್ರೆಯಲ್ಲಿ ಫೇಲಾಗುವವನಿದ್ದ. ಅದೂ ನನ್ನ ಮುಂದೆ, ಅವನೇ ಕರೆದ ಜನರ ಎದುರು.

ಮನೆಗೆ ಬಂದು ಹೆಂಡತಿಗೆ ಮೆಲ್ಲಗೆ ಹೇಳಿದೆ. ಅವಳು ಕೈಯ ನಾರಿನ ಗಂಟು ಬಿಗಿದಳು.

"ನಲವತ್ತು ವರ್ಷದಿಂದ ಇದೇ ನಾರು ಹಿಡಿದದ್ದು ನಾನು. ಮುಟ್ಟಿದ ಕೂಡ್ಲೇ ಗೊತ್ತಾಯ್ತು. ಮತ್ತೆ ಲ್ಯಾಮಿನೇಶನ್ ಮಾಡಿಸಿ ಅಂತ ಎಂತಕ್ಕೆ ಹೇಳಿದ್ದು ಮಾರಾಯ್ರೆ, ಪ್ಲಾಸ್ಟಿಕ್ಕಿನ ಆಸೆಗಾ?"

ಮೂವತ್ತು ವರ್ಷದ ಸಿದ್ಧಾಂತವನ್ನು ಕಂಕುಳಲ್ಲಿಟ್ಟುಕೊಂಡು ನಾನು ಜೆರಾಕ್ಸ್ ಅಂಗಡಿಗೆ ನಡೆದೆ. "ದಪ್ಪದ್ದೇ ಹಾಕಿ," ಎಂದೆ.

ಭಾನುವಾರ ಸಿಸ್ಟರ್ ಕೊಟ್ಟ ಇನ್ನೊಂದು ದಂಟನ್ನು ಸಭೆಯ ಕೈಗೆ ಕೊಟ್ಟೆ. ಹಾಳೆಯನ್ನು ಮಾತ್ರ ದೂರದಿಂದ ಎತ್ತಿ ತೋರಿಸಿದೆ. "ಇದನ್ನು ನನ್ನ ಬಾವ ಕೈರೋದಿಂದ ನನಗಾಗಿ ಕೈಯಲ್ಲೇ ಹಿಡಿದು ತಂದದ್ದು" ಎಂದೆ. ಪ್ರತಿಯೊಂದು ಶಬ್ದವೂ ಸತ್ಯ. ಮುಟ್ಟಿ ನೋಡಬಹುದು ಅಂದಿದ್ದಿರಲ್ಲ ಎಂದು ಯಾರೋ ಕೇಳಿದರು. ಮಳೆಗಾಲ ಬರ್ತಾ ಉಂಟಲ್ಲ ಎಂದೆ. ಇಡೀ ಸಭೆ ತಲೆದೂಗಿತು. ಸಿಸ್ಟರ್ ಮಾತ್ರ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಎದುರು ಸಾಲಿನಲ್ಲಿ ಬಾವ ನೆಟ್ಟಗೆ ಕುಳಿತಿದ್ದ, ರ‍್ಯಾಂಕು ಬಂದವನ ಹಾಗೆ.

ಸಂಜೆ ಚಾ ಕುಡಿಯುವಾಗ ಅವನಾಗಿಯೇ ಮಾತು ತೆಗೆದ. "ಬಾವ, ಆಗಲೂ ನೀವು ಹೀಗೇ ಗಿಡ ಕೈಗೆ ಕೊಟ್ಟು ಕಲಿಸಿದ್ರೆ ನಾನು ಪಾಸಾಗ್ತಿದ್ದೆ."

"ಹೌದು," ಎಂದೆ. "ಅದು ನನ್ನ ತಪ್ಪು."

ಅವನಿಗೆ ಚಾ ನೆತ್ತಿಗೆ ಹತ್ತಿತು. ಸುಧಾರಿಸಿಕೊಂಡು, "ಮುಂದಿನ ಸಲ ಇದಕ್ಕಿಂತ ದೊಡ್ಡದು ತರ್ತೇನೆ," ಎಂದ.

ಹೆಂಡತಿ ಹೂವಿನಿಂದ ತಲೆ ಎತ್ತಲಿಲ್ಲ. "ತಾ. ಅಂಗಡಿಯವನ ಹತ್ರ ದೊಡ್ಡ ಮೆಷಿನ್ನೂ ಉಂಟು."