ಮಾವನವರು ಮೂಸಿದ ಹೊಗೆ

ನಿನ್ನೆ ಅಂಗಡಿಯಲ್ಲಿ ಕಣ್ಣಿಗೆ ಬಿತ್ತೆಂದು ಒಂದು ಡಬ್ಬಿ ಚೀನೀ ಕಪ್ಪು ಟೀ ತಂದೆ. ಮುಚ್ಚಳ ತೆಗೆದದ್ದೇ ತಡ, ನಲವತ್ತು ವರ್ಷ ಹಿಂದಕ್ಕೆ ಹೋದೆ. ಹಾಲಿಲ್ಲದೆ ಕುಡಿಯುವ ಟೀ ಇದು. ನೀವು ಮನೆಗೆ ಬಂದಿದ್ದರೆ ಒಂದು ಲೋಟ ಕೊಡುತ್ತಿದ್ದೆ; ಮುಖ ಕಿವುಚಿದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಉಡುಮಲೈಪೇಟೆಯ ತೆಂಗಿನ ತೋಟದಿಂದ ಕೊಯಮತ್ತೂರಿನ ಆರ್.ಎಸ್. ಪುರಂಗೆ ಸೊಸೆಯಾಗಿ ಬಂದವಳು. ಮಾವನವರದು ಟೀ ರುಚಿ ನೋಡುವ ಉದ್ಯೋಗ. ದಿನವಿಡೀ ಟೀಯನ್ನು ಸೊರ್ ಎಂದು ಹೀರಿ ಉಗಿಯುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಕೇಳಿ ನಮ್ಮಪ್ಪ ಸಂಬಂಧವನ್ನೇ ಇನ್ನೊಮ್ಮೆ ಯೋಚಿಸಿದ್ದರು. ಆ ಮೂಗು ಕೆಡಬಾರದೆಂದು ಅತ್ತೆ ಇಂಗಿಲ್ಲದ ಸಾರು ಮಾಡುತ್ತಿದ್ದರು. ಸಾರಿಗಾದರೂ ಒಗ್ಗಿಕೊಂಡೆ, ಆಡಿ, ಅಂದರೆ ಆಷಾಢ ತಿಂಗಳವರೆಗೆ ತವರಿಗೆ ಹೋಗುವಂತಿಲ್ಲ ಎಂಬ ಅವರ ಕಟ್ಟಳೆಗೆ ಒಗ್ಗಲಾಗಲಿಲ್ಲ. ಆಡಿಗೆ ಇನ್ನೂ ಏಳು ತಿಂಗಳಿತ್ತು. ಅಡುಗೆಮನೆಯಲ್ಲಿ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದೆ, ಕೇಳಿದರೆ ನೆಗಡಿ ಎನ್ನುತ್ತಿದ್ದೆ.

ಒಂದು ಭಾನುವಾರ ಮಾವನವರು ಸ್ನೇಹಿತರೊಬ್ಬರು ಕೊಟ್ಟ ಚೀನೀ ಟೀ ಮಾಡಿ, ಎಲ್ಲರಿಗೂ ಬಗ್ಗಿಸಿ, ಏನನ್ನಿಸುತ್ತದೆ ಹೇಳಿ ಎಂದರು. ನಮ್ಮೆಜಮಾನರು ಚೆನ್ನಾಗಿದೆ ಎಂದರು. ಅತ್ತೆ ಕಷಾಯ ಎಂದರು. ನನಗೆ ಮೊದಲು ಒಣದ್ರಾಕ್ಷಿಯ ಸಿಹಿ ಸಿಕ್ಕಿತು, ಆಮೇಲೆ ಒಣಗಿದ ಗುಲಾಬಿ, ನುಂಗಿದ ಮೇಲೆ ಗಂಟಲಲ್ಲಿ ತೆಳ್ಳಗೆ ಹೊಗೆ.

“ನಮ್ಮೂರಲ್ಲಿ ಚಿಪ್ಪು ಉರಿಸಿ ಕೊಬ್ಬರಿ ಒಣಗಿಸೋ ಶೆಡ್ ವಾಸನೆ, ಮಾವ,” ಅಂದುಬಿಟ್ಟೆ.

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಅತ್ತೆ ಗೊಣಗಿದರು. ನೆಗಡಿಯವಳಿಗೆ ಇಷ್ಟೆಲ್ಲ ವಾಸನೆ ಹೇಗೆ ಸಿಕ್ಕಿತೆಂದು ಮಾವನವರು ಕೇಳಲಿಲ್ಲ. ಆ ಹೊಗೆಯನ್ನು ತಾವು ಮೂಸಲೇಬೇಕು, ಉದ್ಯೋಗದ ವಿಷಯ ಎಂದರು. ಉದ್ಯೋಗ ಎಂದಮೇಲೆ ಅತ್ತೆ ಎದುರಾಡುತ್ತಿರಲಿಲ್ಲ. ಮುಂದಿನ ಭಾನುವಾರ ನಾವಿಬ್ಬರೂ ಉಡುಮಲೈ ಬಸ್ಸಿನಲ್ಲಿದ್ದೆವು.

ಶೆಡ್ಡಿನ ಹೊಗೆಗೆ ಮಾವನವರ ಕಣ್ಣಲ್ಲಿ ನೀರು ಸುರಿಯಿತು. “ಅದೇ ಅಮ್ಮಣಿ, ಅದೇ. ಆದ್ರೆ ಒಂದ್ ಸಲ ಮೂಸಿದ್ರೆ ಸಾಲ್ದು. ನೀನು ಒಂದ್ ವಾರ ಇಲ್ಲೇ ಇದ್ದು ಸರಿಯಾಗಿ ನೋಡ್ಕೊಂಡು ಬಾ,” ಎಂದು ಸಂಜೆಯ ಬಸ್ಸು ಹತ್ತಿದರು. ನಾನೆಂಥ ಪೆದ್ದಿ ನೋಡಿ, ಅಮ್ಮನ ಜೊತೆ ಹರಟುತ್ತಿದ್ದವಳು ದಿನಕ್ಕೆರಡು ಸಲ ಎದ್ದು ಹೋಗಿ ಹೊಗೆ ಮೂಸಿದೆ. ವಾಪಸು ಬಂದು ವರದಿ ಒಪ್ಪಿಸಿದಾಗ ಅವರು ಗಂಭೀರವಾಗಿ ತಲೆಯಾಡಿಸಿದರು.

ನಿನ್ನೆ ಟೀ ಮಾಡಿ ಕುಡಿದೆ. ದ್ರಾಕ್ಷಿ ಇದೆ, ಗುಲಾಬಿ ಇದೆ, ಹೊಗೆಯೂ ಇದೆ. ಆದರೆ ಅದು ಕೊಬ್ಬರಿ ಶೆಡ್ಡಿನ ಹೊಗೆಯಲ್ಲ, ಹತ್ತಿರವೂ ಇಲ್ಲ. ವಾರವಿಡೀ ಮೂಸಿದವಳು ನಾನು, ನನಗೆ ಗೊತ್ತು. ಅಂದು ನನಗೆ ಸಿಕ್ಕಿದ್ದು ಟೀಯ ವಾಸನೆಯಲ್ಲ, ತವರಿನ ಆಸೆ. ಟೀ ವಿಷಯದಲ್ಲಿ ಮಾವನವರ ಮೂಗು ತಪ್ಪಿದ್ದನ್ನು ನಾನು ಕಂಡಿಲ್ಲ. ನನ್ನ ಆಸೆ ಆ ಮೊದಲ ಗುಟುಕಿಗೇ ಅವರಿಗೆ ಗೊತ್ತಾಗಿತ್ತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಟೀ ಬಗ್ಗೆ ಅವರು ಹೇಳಿದ ಒಂದೇ ಒಂದು ಸುಳ್ಳು ನನ್ನ ಪಾಲಿಗೆ ಬಂದಿತ್ತೆಂದು ನನಗೆ ತಿಳಿದದ್ದು ನಿನ್ನೆ.